ವೆಂಕಟಲಕ್ಷ್ಮಿ ಬರೆದ ಶೆಲ್

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಫೀಸಿನವರಿಗೆಂದು ಕಿಟಕಿಯ ಪಕ್ಕದಲ್ಲಿ ಬೇರೆ ಮೇಜುಗಳಿದ್ದವು. ವೆಂಕಟಲಕ್ಷ್ಮಿ ಅಲ್ಲಿ ಕುಳಿತದ್ದನ್ನು ನೋಡಿದವರಿಲ್ಲ. ಅವಳು ತಟ್ಟೆ ಹಿಡಿದುಕೊಂಡು, ಗೇರ್ ಕಡೆಯುವ ಮಿಷನ್ನಿನವರು ಕೂರುವ ಉದ್ದನೆಯ ಬೆಂಚಿಗೆ ನೇರವಾಗಿ ಹೋಗಿಬಿಡುತ್ತಿದ್ದಳು.

"ಜಾಗ ಬುಡ್ರಲಾ, ನಮ್ ಕಂಪ್ಯೂಟರಮ್ಮ ಬಂದ್ರು" ಎಂದು ಮುನಿಯಲ್ಲಪ್ಪ ಸರಿದು ಕೂರುತ್ತಿದ್ದ. ಅವನು ಅವಳಿಗಿಂತ ಹತ್ತು ವರ್ಷ ಹಿರಿಯ. ಮೂರನೆಯ ಸಾಲಿನ ಗೇರ್ ಮಿಷನ್ನನ್ನು ನಡೆಸುವವನು.

ಆಫೀಸಿನವರು ಇದನ್ನು ಅವಳ ಸರಳತೆಯೆಂದು ಹೊಗಳುತ್ತಿದ್ದರು. ಅವಳಿಗೆ ಹಾಗೇನೂ ಅನ್ನಿಸುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ತೊಂದರೆಯಾದರೆ ಕಾಗದದಲ್ಲಿ ಬರೆದು ಕಳುಹಿಸಬೇಕೆಂದು ನಿಯಮವಿತ್ತು. ಆ ಕಾಗದ ಅವಳ ಮೇಜಿಗೆ ಬರುವಷ್ಟರಲ್ಲಿ ತೊಂದರೆ ಹಳೆಯದಾಗಿ, ಅದರ ಮೇಲೆ ಇನ್ನೊಂದು ಬೆಳೆದಿರುತ್ತಿತ್ತು. ಸಾಂಬಾರು ಬಡಿಸುವ ಹೊತ್ತಿಗೆ ಹೇಳಿದ್ದು ಮಾತ್ರ ಬಿಸಿಯಾಗಿಯೇ ಇರುತ್ತಿತ್ತು.

ಅವಳ ತವರು ಅಂಚೆಟ್ಟಿಯ ಕಡೆಯ ಒಂದು ಸಣ್ಣ ಹಳ್ಳಿ. ತಂದೆ ವೆಂಕಟಸ್ವಾಮಿ ರಾಗಿ, ಹುರುಳಿ ಬೆಳೆಯುತ್ತಿದ್ದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು. ಯಾವ ಮಾತು ಯಾರೊಡನೆ ಎಂದು ಆ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು ತಪ್ಪಿದರೆ ಕಾಡಿನ ಅಂಚಿನ ದಾರಿಯಲ್ಲಿ ನಡೆದೇ ಶಾಲೆ ಸೇರಬೇಕಿತ್ತು. ಅವಳು ನಡೆದಳು. ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮುಗಿಸಿ, ಹೊಸೂರಿನ ಈ ಕಾರ್ಖಾನೆಯ ಸ್ಟೋರಿನಲ್ಲಿ ಸಾಮಾನು ಎಣಿಸುವ ಕೆಲಸಕ್ಕೆ ಸೇರಿದಳು. ಮದುವೆಯಾದ ಮೇಲೆ ಮತ್ತಿಗಿರಿಯಲ್ಲಿ ಮನೆಮಾಡಿದಳು.

ಸ್ಟೋರಿನ ಮೂಲೆಯಲ್ಲಿಯೇ ಕಾರ್ಖಾನೆಯ ಮೊದಲ ಲಿನಕ್ಸ್ ಸರ್ವರನ್ನು ತಂದು ಇಟ್ಟರು. ಕೂರಿಸಿದವರು ಕೂರಿಸಿ ಹೊರಟುಹೋದರು. ಅದನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ದಿನವೂ ಅದರ ಪಕ್ಕದಲ್ಲಿ ಕೂರುವವಳು ತಾನಾದ್ದರಿಂದ ಅವಳೇ ನೋಡಿಕೊಂಡಳು. ಪ್ರತಿಯೊಂದು ಆದೇಶಕ್ಕೂ ವಿವರಣೆಯ ಪುಟ ಯಂತ್ರದೊಳಗೇ ಇರುತ್ತದೆ ಎಂಬುದು ಗೊತ್ತಾದ ದಿನ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಬಿಡುವಾದಾಗಲೆಲ್ಲ ಆ ಪುಟಗಳನ್ನು ಓದುತ್ತಾ ಹೋದಳು. ಕೆಲವು ವರ್ಷಗಳಲ್ಲಿ ಕಾರ್ಖಾನೆಯ ಎಲ್ಲ ಸರ್ವರುಗಳೂ ಅವಳ ಕೈಗೆ ಬಂದವು. ಸಹಾಯಕ್ಕೆ ಅವಲಪಲ್ಲಿಯ ನರೇಶ್ ಎಂಬ ಎಂಜಿನಿಯರನನ್ನು ಕೊಟ್ಟರು.

ಶೆಲ್ ಎಂದರೇನು ಎಂದು ಹೊಸಬರು ಕೇಳಿದರೆ ಅವಳು ಹೀಗೆ ಹೇಳುತ್ತಿದ್ದಳು: "ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬರ್ತೀರಲ್ಲ, ಆಗ ಎದುರಿಗೆ ಒಬ್ಬ ಕೂತಿರ್ತಾನೆ ಅಂದ್ಕೊಳ್ಳಿ. ನೀವು ಹೇಳಿದ್ದನ್ನ ಕೇಳಿ ಯಂತ್ರಕ್ಕೆ ಮುಟ್ಟಿಸೋನು ಅವನೇ. ಅವನು ಒಳ್ಳೆಯವನು, ಆದ್ರೆ ಬುದ್ಧಿ ಹೇಳೋನಲ್ಲ. ಅಳಿಸು ಅಂದ್ರೆ ಅಳಿಸ್ತಾನೆ, ಯಾಕೆ ಅಂತ ಕೇಳೋದಿಲ್ಲ."

ಇದು ಅನುಭವದ ಮಾತು. ಹಿಂದೆ ಮಿಷನ್ನಿನವರಿಗೆಲ್ಲ ಬ್ಯಾಷ್ ಎಂಬ ಸಾಮಾನ್ಯವಾದ ಶೆಲ್ಲನ್ನೇ ಕೊಟ್ಟಿದ್ದರು. ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಗೆರೆ, ಇಂಗ್ಲಿಷಿನಲ್ಲಿ ಆದೇಶ. ಒಮ್ಮೆ ಒಬ್ಬ ಕೆಲಸಗಾರ ಒಂದು ಹಳೆಯ ಕಡತವನ್ನು ಅಳಿಸಲು ಹೋಗಿ, ಒಂದು ನಕ್ಷತ್ರದ ಚಿಹ್ನೆ ಹೆಚ್ಚಾಗಿ ಒತ್ತಿ, ಆ ಮಿಷನ್ನಿನ ಎಲ್ಲ ಪ್ರೋಗ್ರಾಮುಗಳನ್ನೂ ಅಳಿಸಿಬಿಟ್ಟ. ಅವನಿಗೆ ಮೆಮೊ ಕೊಡಬೇಕೆಂದು ಮೇಲಿನವರು ಹೊರಟಾಗ ವೆಂಕಟಲಕ್ಷ್ಮಿ ಅಡ್ಡ ನಿಂತಳು. "ಕುಡಿಯೋಕೆ ನೀರು ಕೇಳಿದವನ ಕೈಗೆ ಮನೆ ಬೀಗದ ಕೈ ಗೊಂಚಲನ್ನೇ ಕೊಟ್ಟೋರು ನಾವು. ಮೆಮೊ ನಮಗೆ ಬರ್ಬೇಕು ಸರ್" ಎಂದಳು.

ಆಮೇಲೆ ಅವಳು ತಾನೇ ಒಂದು ಶೆಲ್ ಬರೆದಳು. ಕೆಲಸಗಾರ ಒಳಗೆ ಬಂದೊಡನೆ ಕಪ್ಪು ಪರದೆಯ ಬದಲು ಒಂದು ಮೆನು ಕಾಣಬೇಕು. ಅಂಕಿ ಒತ್ತಿದರೆ ಕೆಲಸವಾಗಬೇಕು. ಅದರಿಂದ ಆಚೆಗೆ ಹೋಗಲು ದಾರಿಯೇ ಇರಬಾರದು. ಮೆನುವಿನ ಕನ್ನಡ ತೀರ್ಮಾನವಾದದ್ದು ಆ ಊಟದ ಬೆಂಚಿನ ಮೇಲೆಯೇ. 'ಕಾರ್ಯಕ್ರಮವನ್ನು ಆಯ್ಕೆ ಮಾಡಿ' ಎಂದು ಅವಳು ಬರೆದುಕೊಂಡು ಬಂದಿದ್ದಳು.

"ಕಾರ್ಯಕ್ರಮ ಅಂದ್ರೆ ಏನಮ್ಮ, ಮದ್ವೆನಾ ನಾಟ್ಕನಾ?" ಎಂದ ಮುನಿಯಲ್ಲಪ್ಪ.

"ಪ್ರೋಗ್ರಾಮಿಗೆ ಕನ್ನಡದಲ್ಲಿ ಅಂಗೇ ಅಂತಾರೆ ಅಣ್ಣ."

"ಅಂದ್ಕೊಳ್ಳಲಿ ಬುಡು. 'ಯಾವ ಗೇರ್ ಕಡೀಬೇಕು?' ಅಂತ ಕೇಳು. ಬಾಯಿ ತುಂಬ ಅನ್ನ ಇದ್ರೂ ತಿಳೀತದೆ."

ಬೆಂಚಿನವರೆಲ್ಲ ನಕ್ಕರು. ಅವಳೂ ನಕ್ಕಳು. ಹಾಗೆಯೇ ಬರೆದಳು. ಅದರ ಕೆಳಗೆ ತಮಿಳಿನಲ್ಲಿ ಒಂದು ಸಾಲು, ತೆಲುಗಿನಲ್ಲಿ ಒಂದು ಸಾಲು. ಅವುಗಳನ್ನೂ ಆ ಬೆಂಚಿನವರೇ ತಿದ್ದಿಕೊಟ್ಟರು.

ಹೊಸ ಶೆಲ್ಲನ್ನು ಬರೆದರಷ್ಟೇ ಸಾಲದು. ಯಾವ ಯಾವ ಶೆಲ್ಲುಗಳನ್ನು ನ್ಯಾಯವಾದವೆಂದು ಒಪ್ಪಬಹುದು ಎಂಬುದಕ್ಕೆ ಲಿನಕ್ಸಿನಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿಲ್ಲದ ಶೆಲ್ಲನ್ನು ಕೆಲವು ಕಡೆ ಒಪ್ಪುವುದಿಲ್ಲ. ಉದಾಹರಣೆಗೆ, ಗೇರಿನ ಪ್ರೋಗ್ರಾಮುಗಳನ್ನು ಡಿಸೈನ್ ಕೋಣೆಯವರು ಕಡತವಾಗಿ ಕಳುಹಿಸುವಾಗ, ಅದನ್ನು ಪಡೆದುಕೊಳ್ಳುವ ಸೇವೆಯು ಆ ಖಾತೆಯ ಶೆಲ್ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕಡತವನ್ನು ತೆಗೆದುಕೊಳ್ಳುವುದಿಲ್ಲ. ವೆಂಕಟಲಕ್ಷ್ಮಿ ತನ್ನ ಶೆಲ್ಲಿನ ಹೆಸರನ್ನು ಆ ಪಟ್ಟಿಯ ಕೊನೆಯಲ್ಲಿ ಸೇರಿಸಿದಳು. ಮೊದಲು ತನ್ನ ಖಾತೆಗೇ ಆ ಶೆಲ್ಲನ್ನು ಹಾಕಿಕೊಂಡು, ಬೇರೊಂದು ಕಿಟಕಿಯಲ್ಲಿ ಹಳೆಯ ದಾರಿಯನ್ನು ತೆರೆದೇ ಇಟ್ಟುಕೊಂಡು, ಒಂದು ವಾರ ತಾನೇ ಅದರಲ್ಲಿ ಒದ್ದಾಡಿ, ಆಮೇಲೆ ಕೆಲಸಗಾರರಿಗೆ ಕೊಟ್ಟಳು. ಅವಳು ಯಾವುದನ್ನೇ ಬದಲಾಯಿಸಲಿ, ಮೊದಲು ತನ್ನ ಮೇಲೆಯೇ ಪ್ರಯೋಗ ಮಾಡಿ ನೋಡುವವಳು.

ಹೀಗೆ ವರ್ಷಗಳು ಕಳೆದವು. ಮೆನು ಅಲ್ಲಿದೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಅದನ್ನು ನೆನಪಿಸಿದ್ದು ಒಂದು ತಪಾಸಣೆ.

ಗೇರುಗಳನ್ನು ಕೊಳ್ಳುವ ದೊಡ್ಡ ಕಂಪೆನಿಯವರು ಸರ್ವರುಗಳ ಭದ್ರತೆಯನ್ನು ನೋಡಲು ಚೆನ್ನೈಯಿಂದ ಒಬ್ಬರನ್ನು ಕಳುಹಿಸುತ್ತೇವೆಂದರು. ಏನೇನು ನೋಡುತ್ತಾರೆ ಎಂಬುದನ್ನು ಮುಂಚೆಯೇ ತಿಳಿಸಿದ್ದರು. ಅದರಲ್ಲಿ ಒಂದು ಅಂಶ ಶೆಲ್ಲುಗಳ ಪಟ್ಟಿಯಲ್ಲಿ ಎಲ್ಲರೂ ಬಲ್ಲ ಶೆಲ್ಲುಗಳಷ್ಟೇ ಇರಬೇಕು ಎಂಬುದು. ಮ್ಯಾನೇಜರ್ ಅರುಣ್‌ಕುಮಾರ್ ವೆಂಕಟಲಕ್ಷ್ಮಿಯನ್ನು ಕರೆಸಿದರು.

"ಚಿಕ್ಕ ವಿಷಯ ಕಣಮ್ಮ. ಪಟ್ಟಿಯಲ್ಲಿ ನಿಮ್ಮದೊಂದೇ ಹೆಚ್ಚಿಗೆ ಇರೋದು. ತೆಗೆದುಹಾಕಿ, ಎಲ್ಲರಿಗೂ ಬ್ಯಾಷ್ ಕೊಟ್ಟುಬಿಡಿ."

"ಆಗ ಪಟ್ಟಿ ನೋಡೋಕೆ ಚೆನ್ನಾಗಿರತ್ತೆ ಸರ್. ಒಳಗಿರೋ ಬಾಗಿಲೆಲ್ಲ ತೆರೆದುಕೊಳ್ಳತ್ತೆ. ಮುನಿಯಲ್ಲಣ್ಣನಿಗೆ ಇಂಗ್ಲಿಷ್ ಓದೋಕೆ ಬರೋದಿಲ್ಲ. ಅವರಂಥೋರು ಇನ್ನೂ ಇದ್ದಾರೆ. ಅವರೇನು ಮಾಡ್ಬೇಕು?"

"ಬರದವರನ್ನ ಪ್ಯಾಕಿಂಗಿಗೆ ಹಾಕೋಣ. ಅಲ್ಲಿ ಕಂಪ್ಯೂಟರ್ ಬೇಡ." ಅವರು ಕೆಟ್ಟ ಮನುಷ್ಯರಲ್ಲ. ದನಿ ಇಳಿಸಿ ಸೇರಿಸಿದರು: "ಆರ್ಡರ್ ಹೋದರೆ ಎಲ್ಲರೂ ಮನೆಗೆ ಹೋಗ್ಬೇಕಾಗತ್ತೆ. ನನಗೂ ಬೇರೆ ದಾರಿ ಕಾಣ್ತಿಲ್ಲ."

"ನಾನು ಆ ತಪಾಸಣೆಯವರಿಗೇ ತೋರಿಸ್ತೀನಿ. ಅವರು ಒಪ್ಪಿದರೆ?"

"ಒಪ್ಪಿದರೆ ಇರಲಿ. ಒಪ್ಪದಿದ್ದರೆ ಅವತ್ತೇ ಮೆನು ತೆಗೆಯೋದು, ಅವತ್ತೇ ಅವರು ಪ್ಯಾಕಿಂಗಿಗೆ."

ಆ ಮಾತು ಮಧ್ಯಾಹ್ನದೊಳಗೆ ಬೆಂಚಿಗೆ ತಲುಪಿತ್ತು. ಮುನಿಯಲ್ಲಪ್ಪ ಅಂದು ಸರಿಯಾಗಿ ಉಣ್ಣಲಿಲ್ಲ. ಚಕ್ರದ ಹಲ್ಲನ್ನು ಕಡೆಯುವ ಉಳಿ ಸವೆದಿದೆಯೆಂಬುದನ್ನು ಅವನು ಸದ್ದಿನಿಂದಲೇ ಹೇಳಬಲ್ಲವನಾಗಿದ್ದ. ಮದುವೆಯಾದ ವರ್ಷ ಆ ಮಿಷನ್ನಿಗೆ ಬಂದವನು, ಈಗ ಮೊಮ್ಮಗಳನ್ನು ಆಡಿಸುತ್ತಿದ್ದಾನೆ.

"ಮರದ ಪೆಟ್ಟಿಗೆಗೆ ಮೊಳೆ ಹೊಡ್ಯಾದು ಕೆಟ್ಟ ಕೆಲ್ಸ ಅಂತ ನಾನು ಅನ್ನಾಕಿಲ್ಲ ತಾಯಿ" ಎಂದ. "ಆದ್ರೆ ನನ್ನ ಕೈ ಅದ್ಕೆ ಬಂದಿಲ್ಲ. ಮಿಷನ್ನು ಅಲ್ಲಿ ಕೂಗ್ತಿದ್ರೆ ನಾನು ಇಲ್ಲಿ ಸುತ್ಗೆ ಇಡ್ಕೊಂಡು ಹೆಂಗ್ ನಿಂತ್ಕೊಳ್ಳಲಿ?"

ವೆಂಕಟಲಕ್ಷ್ಮಿ ಅವನಿಗೆ ಧೈರ್ಯದ ಮಾತು ಹೇಳಲಿಲ್ಲ. ಆಗದ ಭರವಸೆಯನ್ನು ಕೊಡುವ ಅಭ್ಯಾಸ ಅವಳಿಗಿರಲಿಲ್ಲ. "ಮೆನುವಿನಿಂದ ಆಚೆಗೆ ಬರೋಕೆ ನಿಮಗೆ ಯಾವತ್ತಾದ್ರೂ ಆಗಿದೆಯಾ ಅಣ್ಣ?" ಎಂದು ಮಾತ್ರ ಕೇಳಿದಳು.

"ನಾನ್ಯಾಕ್ ಬರ್ಲಿ? ನಂಗೆ ಒಳ್ಗೇ ಸರ್ಯಾಗದೆ."

ತಪಾಸಣೆಗೆ ಗೊತ್ತಾದ ದಿನ ಆಯುಧಪೂಜೆಯ ರಜೆ ಮುಗಿದ ಮಾರನೆಯ ಬೆಳಿಗ್ಗೆ. ರಜೆಗೆ ಮುಂಚಿನ ದಿನವೇ ಕಾರ್ಖಾನೆಯಲ್ಲಿ ಪೂಜೆ. ಅಂದು ಹತ್ತು ಗಂಟೆಗೆ ಮಿಷನ್ನುಗಳನ್ನು ನಿಲ್ಲಿಸಿ, ಎಣ್ಣೆ ಜಿಡ್ಡು ಒರೆಸಿ, ನೆಲ ತೊಳೆದರು. ಒಂದೊಂದು ಮಿಷನ್ನಿಗೂ ವಿಭೂತಿ, ಕುಂಕುಮ, ಸೇವಂತಿಗೆಯ ಹಾರ. ಸರ್ವರ್ ಕೋಣೆಗೂ ಪೂಜೆಯುಂಟು. ಮೆಂಟೆನೆನ್ಸಿನ ಹಿರಿಯ ಮುತ್ತರಾಯಪ್ಪನವರು ಪ್ರತಿ ವರ್ಷದಂತೆ ಸರ್ವರಿನ ಕಬ್ಬಿಣದ ಬೀರುವಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ನಿಂಬೆಹಣ್ಣು ಕುಯ್ದು, ಬಾಗಿಲಲ್ಲಿ ಬೂದುಗುಂಬಳ ಒಡೆದರು. ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಕುಂಕುಮವಿಟ್ಟ ಆಯುಧವನ್ನು ರಜೆ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಮತ್ತೆ ಚಾಲೂ ಮಾಡುವಾಗ ಮೊದಲ ಕೈ ಮುತ್ತರಾಯಪ್ಪನವರದೇ.

ಕಡಲೆಪುರಿ, ಸಿಹಿ ಬೂಂದಿಯ ಪೊಟ್ಟಣಗಳನ್ನು ಹಂಚುತ್ತಿದ್ದಾಗ ನರೇಶ್ ನಗುತ್ತಾ ಬಂದ.

"ಅಕ್ಕ, ಒಂದು ತಲೆನೋವು ಕಳೀತು. ಪಟ್ಟಿಯಿಂದ ನಿಮ್ಮ ಶೆಲ್ ಹೆಸರು ಬೆಳಿಗ್ಗೆ ನಾನೇ ತೆಗೆದುಬಿಟ್ಟೆ. ಆಮೇಲೆ ಮುನಿಯಲ್ಲಣ್ಣನ ಕೈಲಿ ಲಾಗಿನ್ ಮಾಡಿಸಿ ನೋಡಿದೆ, ಮೆನು ಬರ್ತಾನೇ ಇದೆ! ಪಟ್ಟಿಯೂ ಕ್ಲೀನು, ಮೆನುವೂ ಉಳೀತು. ನೀವು ಸುಮ್ನೆ ಹೆದರ್ಕೊಂಡಿದ್ರಿ."

ವೆಂಕಟಲಕ್ಷ್ಮಿಯ ಕೈಯಲ್ಲಿದ್ದ ಪೊಟ್ಟಣ ಅಲ್ಲಿಯೇ ನಿಂತಿತು. "ಡಿಸೈನ್ ಕೋಣೆಯಿಂದ ಒಂದು ಕಡತ ಕಳ್ಸಿ ನೋಡಿದ್ಯಾ?"

"ಇಲ್ಲ. ಅಷ್ಟೊತ್ತಿಗೆ ಅವರು ಹಾರ ಕಟ್ತಾ ಕೂತಿದ್ರು."

ಅವಳು ಹೇಳಬೇಕಾಗಿಯೇ ಬರಲಿಲ್ಲ. ಅವಳ ಮುಖವನ್ನು ನೋಡಿದೊಡನೆಯೇ ನರೇಶನಿಗೆ ಅರ್ಥವಾಯಿತು. ಒಳಗೆ ಬರುವ ಬಾಗಿಲಿನಲ್ಲಿ ಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಕಡತ ತಲುಪಿಸುವ ಬಾಗಿಲಿನಲ್ಲಿ ಕೇಳುತ್ತಾರೆ. ರಜೆ ಮುಗಿದ ಬೆಳಿಗ್ಗೆ ಗೇರಿನ ಪ್ರೋಗ್ರಾಮುಗಳು ಒಂದು ಮಿಷನ್ನಿಗೂ ತಲುಪುವುದಿಲ್ಲ. ತಪಾಸಣೆಯವರು ಬಂದು ನಿಂತಿರುವಾಗ ಸಾಲಿಗೆ ಸಾಲೇ ಸುಮ್ಮನೆ ನಿಂತಿರುತ್ತದೆ. ಅದಕ್ಕೆ ಕಾರಣ ಆ ಮೆನುವೇ ಎಂದು ಯಾರಾದರೂ ಹೇಳಿಬಿಡುತ್ತಾರೆ.

"ಒಂದೇ ಸಾಲು ಅಕ್ಕ, ಈಗ್ಲೇ ಹಾಕ್ಬಿಡ್ತೀನಿ" ಎಂದು ನರೇಶ್ ಸರ್ವರ್ ಕೋಣೆಯತ್ತ ತಿರುಗಿದ. ಬಾಗಿಲಲ್ಲಿ ಮುತ್ತರಾಯಪ್ಪನವರು ಪೊರಕೆ ಹಿಡಿದು ಕುಂಬಳದ ಚೂರುಗಳನ್ನು ಬದಿಗೆ ಸರಿಸುತ್ತಿದ್ದರು.

"ಎಲ್ಗಪ್ಪಾ?"

"ಒಂದು ನಿಮಿಷ ಅಷ್ಟೇ ಸರ್, ಒಂದು ಸಾಲು—"

"ಕುಂಕುಮ ಇಕ್ಕಾಯ್ತು."

"ಅದನ್ನ ಮುಟ್ಟೋದೇ ಇಲ್ಲ ಸರ್. ಮನೆಯಿಂದಾನೇ, ಲ್ಯಾಪ್‌ಟಾಪಲ್ಲಿ ಒಳಗೆ ಬಂದು ಮಾಡಿದ್ರೆ?"

ಮುತ್ತರಾಯಪ್ಪನವರು ಪೊರಕೆಯನ್ನು ಗೋಡೆಗೆ ಒರಗಿಸಿ ಯೋಚಿಸಿದರು. ಅವರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. "ನೋಡು, ನೀನು ಮನೇಲಿ ಕುಂತ್ಕೊಂಡು ಫೋನಲ್ಲಿ ನನ್ನ ಬೈದೆ ಅನ್ಕೋ. ಕೈ ತಾಕ್ಲಿಲ್ಲ. ಬೈದಂಗೆ ಆಯ್ತೋ ಇಲ್ವೋ?"

"ಆಯ್ತು."

"ಅಂಗೇ ಇದೂವೆ. ಎಲ್ಲಿದ್ದು ಮುಟ್ಟಿದ್ರೂ ಮುಟ್ದಂಗೇ ಕಣ್ಲಾ. ಸರ್ವರಮ್ಮನೂ ವರ್ಷಕ್ಕೊಂದ್ಸಲ ಮಲಕ್ಕೊಳ್ಲಿ."

ನರೇಶ್ ಸಹಾಯಕ್ಕಾಗಿ ವೆಂಕಟಲಕ್ಷ್ಮಿಯ ಕಡೆ ನೋಡಿದ. ಅವಳು ಒಂದು ಮಾತು ಹೇಳಿದ್ದರೆ ಅರುಣ್‌ಕುಮಾರ್ ಅವರಿಂದ ಅಪ್ಪಣೆ ತರಬಹುದಿತ್ತು. ಹಿಂದೆ ಕೆಲವರು ಪೂಜೆಯಾದ ಮೇಲೂ ಹಿರಿಯರಿಗೆ ತಿಳಿಯದಂತೆ ಕದ್ದುಮುಚ್ಚಿ ಕೆಲಸ ಮಾಡಿದ್ದುಂಟು ಎಂದು ಅವಳು ಬೇರೆಯವರ ಬಾಯಲ್ಲಿ ಕೇಳಿದ್ದಳು. ಆದರೆ ಯಾರು ಆ ಮಿಷನ್ನುಗಳನ್ನು ದಿನವೂ ಮುಟ್ಟುತ್ತಾರೋ ಅವರ ಮಾತಿಗೆ ಬೆಲೆಯಿದೆ ಎಂದುಕೊಂಡೇ ಅವಳು ಅಷ್ಟು ವರ್ಷ ಆ ಬೆಂಚಿನ ಮೇಲೆ ಕುಳಿತದ್ದು. ತನಗೆ ಬೇಕಾದಾಗ ಮಾತ್ರ ಆ ಬೆಲೆ ಇಲ್ಲವೆನ್ನಲು ಅವಳಿಂದಾಗಲಿಲ್ಲ.

"ಬಿಡು ನರೇಶ್. ಮುತ್ತರಾಯಪ್ಪನವರು ಕೈ ಹಾಕಿದ ಮೇಲೆ ನೋಡೋಣ."

"ಅಕ್ಕ, ತಪಾಸಣೆಯೋರು ಅಷ್ಟೊತ್ತಿಗೆ ಬಂದುಬಿಡ್ತಾರೆ!"

"ಬರ್ಲಿ."

ರಜೆಯಲ್ಲಿ ಅವಳು ತವರಿಗೆ ಹೋಗಿ ಬಂದಳು. ಹೊಲದ ಬದುವಿನ ಮೇಲೆ ಕುಳಿತು ಅವರೆಗಿಡಗಳಿಗೆ ಹುಳು ಬಿದ್ದಿದೆಯೇ ಎಂದು ತಾಯಿ ಗೋವಿಂದಮ್ಮ ನೋಡುತ್ತಿದ್ದರೆ, ಇವಳು ಸರ್ವರಿನ ಬಗ್ಗೆ ಯೋಚಿಸುತ್ತಿದ್ದಳು. ತಾಯಿ ಕೇಳಿದ್ದಕ್ಕೆಲ್ಲ "ಹೂಂ" ಎನ್ನುತ್ತಿದ್ದಳು. ಕೊನೆಗೆ ಅವರು "ನಿನ್ನ ಕಿವಿ ಹೊಸೂರಲ್ಲೇ ಬುಟ್ಟು ಬಂದೀಯಾ?" ಎಂದು ಬೈದರು. ಆ ಹೊತ್ತಿಗೆ ಅವಳ ಯೋಚನೆ ಒಂದು ದಡ ಸೇರಿತ್ತು. ನರೇಶ್ ಮಾಡಿದ್ದು ಏನು? ತಪಾಸಣೆಯವರು ಕೇಳಿದ್ದನ್ನೇ ಅಲ್ಲವೇ? ಹಾಗಾದರೆ ಅದನ್ನು ಅವಸರದಲ್ಲಿ ಸರಿಪಡಿಸಿ ಮುಚ್ಚಿಹಾಕುವುದೇಕೆ? ಕೇಳಿದವರೇ ಬಂದು ನೋಡಲಿ. ಸಂಜೆ ಅರುಣ್‌ಕುಮಾರ್ ಅವರಿಗೆ ಫೋನು ಮಾಡಿ ಆದದ್ದೆಲ್ಲವನ್ನೂ ತಿಳಿಸಿದಳು. ಅವರು "ನಿಮ್ಮ ಧೈರ್ಯ ನನಗಿಲ್ಲಮ್ಮ. ಆದರೂ ತೋರಿಸಿ" ಎಂದರು.

ತಪಾಸಣೆಗೆ ಬಂದವನ ಹೆಸರು ರಾಜೇಶ್. ಕೆಲಸ ಚೆನ್ನೈಯಲ್ಲಾದರೂ ಹುಟ್ಟಿದ್ದು ಕೃಷ್ಣಗಿರಿಯಲ್ಲಿ. ತಮಿಳು ಬೆರೆತ ಕನ್ನಡವನ್ನು ಸಲೀಸಾಗಿ ಆಡುತ್ತಿದ್ದ. ಮುತ್ತರಾಯಪ್ಪನವರು ಕರ್ಪೂರ ಹಚ್ಚಿ ಮೊದಲ ಮಿಷನ್ನನ್ನು ಚಾಲೂ ಮಾಡುವುದನ್ನು ಕೈಕಟ್ಟಿ ನಿಂತು ನೋಡಿದ. ಕುಂಕುಮ ಕೊಟ್ಟರೆ ಹಣೆಗಿಟ್ಟುಕೊಂಡ. ಆಮೇಲೆ ಮೂರನೆಯ ಸಾಲಿಗೆ ಬಂದರು. ಮುನಿಯಲ್ಲಪ್ಪ ಒಗೆದ ಅಂಗಿ ತೊಟ್ಟು, ಪರೀಕ್ಷೆಗೆ ಬಂದವನಂತೆ ಟರ್ಮಿನಲ್ಲಿನ ಪಕ್ಕದಲ್ಲಿ ನಿಂತಿದ್ದ.

"ಸರ್, ನಿಮ್ಮ ಸೂಚನೆಯಂತೆ ನಮ್ಮ ನರೇಶ್ ಪಟ್ಟಿಯಿಂದ ನಮ್ಮ ಶೆಲ್ಲನ್ನ ತೆಗೆದಿದ್ದಾರೆ" ಎಂದಳು ವೆಂಕಟಲಕ್ಷ್ಮಿ. "ಏನಾಗಿದೆ ನೀವೇ ನೋಡಿ."

ಮುನಿಯಲ್ಲಪ್ಪ ಲಾಗಿನ್ ಆದ. ಮೆನು ಬಂತು. ಡಿಸೈನ್ ಕೋಣೆಯಿಂದ ಕಡತ ಕಳುಹಿಸಲು ಹೇಳಿದರು. ಬರಲಿಲ್ಲ. ಮತ್ತೆ ಕಳುಹಿಸಿದರು. ಆಗಲೂ ಬರಲಿಲ್ಲ. ರಾಜೇಶ್ ಸರ್ವರಿನ ದಾಖಲೆಯನ್ನು ತೆರೆಸಿ ಓದಿ, ತುಟಿ ಕಚ್ಚಿಕೊಂಡ.

"ಅಂದ್ರೆ ನಾನು ಮುಚ್ಚೋಕೆ ಹೇಳಿದ ಬಾಗಿಲು ಮುಚ್ಚಲಿಲ್ಲ. ಕೆಲಸ ಮಾತ್ರ ನಿಂತಿತು."

"ಹೌದು ಸರ್. ಇನ್ನು ಎಲ್ಲರಿಗೂ ಬ್ಯಾಷ್ ಕೊಟ್ಟರೆ ಕೆಲಸ ನಡೆಯತ್ತೆ, ಪಟ್ಟಿಯೂ ನೀವು ಹೇಳಿದ ಹಾಗೇ ಇರತ್ತೆ. ಆದ್ರೆ ಮಿಷನ್ನಿನವರೆಲ್ಲರ ಕೈಗೂ ಪೂರ್ತಿ ಶೆಲ್ ಬಂದಹಾಗಾಯ್ತು. ಯಾವುದು ಭದ್ರ, ನೀವೇ ಹೇಳಿ."

"ಸೆರಿ. ಅದನ್ನ ಒಪ್ಪಿದೆ. ಆದ್ರೆ ನಿಮ್ಮ ಮೆನು ಭದ್ರ ಅಂತ ನಾನು ನಂಬೋದು ಹೇಗೆ ಮೇಡಂ?"

"ಕೂತ್ಕೊಳ್ಳಿ. ಅದರಿಂದ ಆಚೆಗೆ ಬನ್ನಿ ನೋಡೋಣ."

ರಾಜೇಶ್ ನಕ್ಕು ಕುಳಿತ. ಕೆಲಸವನ್ನು ಅರ್ಧಕ್ಕೇ ನಿಲ್ಲಿಸುವ ಕೀಲಿಗಳನ್ನು ಒತ್ತಿದ. ಮೆನು ಅಲ್ಲಾಡಲಿಲ್ಲ. ಅಂಕಿಯ ಜಾಗದಲ್ಲಿ ಅಕ್ಷರಗಳನ್ನು, ಚಿಹ್ನೆಗಳನ್ನು, ಪುಟಗಟ್ಟಲೆ ಕಸವನ್ನು ತುಂಬಿದ. 'ಅಣ್ಣ, ಅಂಕಿ ಮಾತ್ರ ಒತ್ತು' ಎಂದಿತು ಮೆನು. ಹಿಂದೆ ನಿಂತಿದ್ದ ಕೆಲಸಗಾರರು ಕಿಸಕ್ಕನೆ ನಕ್ಕರು. ಮುನಿಯಲ್ಲಪ್ಪನ ಎದೆ ಸ್ವಲ್ಪ ಹಗುರವಾಯಿತು.

ಆಮೇಲೆ ರಾಜೇಶ್ 'ಗೇರಿನ ವಿವರ ಓದು' ಎಂಬ ಅಂಕಿಯನ್ನು ಒತ್ತಿದ. ವಿವರದ ಪುಟ ತೆರೆಯಿತು. ಅವನು ಅದನ್ನು ಓದಲಿಲ್ಲ. ಪುಟದ ಅಡಿಯನ್ನು ನೋಡಿದ. ಒಂದು ಚಿಹ್ನೆ ಒತ್ತಿ, ಎರಡು ಪುಟ್ಟ ಆದೇಶಗಳನ್ನು ಕೊಟ್ಟ. ಪುಟ ಮಾಯವಾಯಿತು. ಕಪ್ಪು ಪರದೆ ಬಂತು. ಅದರಲ್ಲಿ ಒಂದು ಗೆರೆ ಮಿನುಗುತ್ತಿತ್ತು.

ಬ್ಯಾಷ್.

ಅರುಣ್‌ಕುಮಾರ್ ಕಣ್ಣು ಮುಚ್ಚಿಕೊಂಡರು. ಏನಾಯಿತೆಂದು ಮುನಿಯಲ್ಲಪ್ಪನಿಗೆ ತಿಳಿಯಲಿಲ್ಲ. ಆದರೆ ಆ ಕಪ್ಪು ಪರದೆಯನ್ನು ಅವನು ಮರೆತಿರಲಿಲ್ಲ. "ಆಯ್ತು ಬುಡಮ್ಮ" ಎಂದು ಮೆಲ್ಲಗೆ ಅಂದು, ಮಿಷನ್ನಿನ ಮೇಲಿದ್ದ ತನ್ನ ಒರೆಸುವ ಬಟ್ಟೆಯನ್ನು ಮಡಚತೊಡಗಿದ.

ವೆಂಕಟಲಕ್ಷ್ಮಿ ಪರದೆಯ ಹತ್ತಿರಕ್ಕೆ ಬಾಗಿದಳು. ವಿವರ ತೋರಿಸಲು ಅವಳು ಎಡಿಟರ್ ಎಂಬ, ಕಡತ ಬರೆಯುವ ಒಂದು ಹಳೆಯ ಸಾಧನವನ್ನು ಇಟ್ಟಿದ್ದಳು. ಅದರಲ್ಲಿ ಬರೆಯುವ ಶಕ್ತಿಯನ್ನು ಕಿತ್ತುಹಾಕಿದ್ದಳು. ಅದರೊಳಗಿನಿಂದಲೇ ಇನ್ನೊಂದು ಶೆಲ್ಲನ್ನು ಕರೆಯಬಹುದು ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ. ತಾನೇ ಒಂದು ವಾರ ಒದ್ದಾಡಿದಾಗಲೂ ಅದು ಸಿಕ್ಕಿರಲಿಲ್ಲ. ಒಳಗಿದ್ದವರಿಗೆ ಆಚೆಗೆ ಬರಬೇಕೆಂಬ ಆಸೆಯೇ ಇಲ್ಲದಾಗ ಸಿಗುವುದಾದರೂ ಹೇಗೆ!

"ತಪ್ಪು ನನ್ನದೇ ಸರ್" ಎಂದಳು. "ಎದ್ದೇಳಬೇಡಿ. ಇಂಥದ್ದು ಇನ್ನೆಲ್ಲಾದ್ರೂ ಇದೆಯಾ ಹುಡುಕಿ. ಎಲ್ಲ ಅಂಕಿಗಳನ್ನೂ ನೋಡಿಬಿಡಿ."

ರಾಜೇಶ್ ತಲೆಯೆತ್ತಿದ. "ನಾನು ಒಂದು ತೂತು ಕಂಡುಹಿಡಿದರೆ, ಸಾಕು ನಿಲ್ಲಿಸಿ ಅಂತಾರೆ ಮೇಡಂ ಎಲ್ಲರೂ. ಕಾಫಿ ತರಿಸ್ತಾರೆ."

"ಕಾಫಿಯೂ ಬರತ್ತೆ. ಮೊದಲು ಹುಡುಕಿ. ನೀವು ಹೋದ ಮೇಲೆ ಇಲ್ಲಿ ಕೂರೋದು ಇವರು. ನೀವು ಬಿಟ್ಟ ತೂತು ಇವರ ತಲೆಗೆ ಬರತ್ತೆ."

ಅವನು ಹುಡುಕಿದ. ಒಂದೊಂದು ಅಂಕಿಯನ್ನೂ ಬಿಡದೆ ಜಾಲಾಡಿದ. ಬೇರೆ ಯಾವುದೂ ಸಿಗಲಿಲ್ಲ. ಅಷ್ಟರಲ್ಲಿ ವೆಂಕಟಲಕ್ಷ್ಮಿ ಪಕ್ಕದ ಟರ್ಮಿನಲ್ಲಿನಲ್ಲಿ ಕುಳಿತು, ಆ ಹಳೆಯ ಸಾಧನವನ್ನು ತೆಗೆದುಹಾಕಿ, ಪುಟವನ್ನು ತೋರಿಸುವುದು ಬಿಟ್ಟು ಬೇರೇನೂ ಬಾರದ ಕೆಲವೇ ಸಾಲುಗಳನ್ನು ತಾನೇ ಬರೆದಳು. ನರೇಶ್ ಅವಳ ಹಿಂದೆ ನಿಂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದ. ಒಂದೆಡೆ ಅವಳ ಬೆರಳು ತಪ್ಪಿದ್ದನ್ನು ಅವನೇ ಹಿಡಿದ. ಮೊದಲು ತನ್ನ ಖಾತೆಯಲ್ಲಿ ನಡೆಸಿ ನೋಡಿದಳು. ಆಮೇಲೆ ಮುನಿಯಲ್ಲಪ್ಪನ ಖಾತೆಯಲ್ಲಿ. ಕೊನೆಗೆ ಪಟ್ಟಿಯನ್ನು ತೆರೆದು, ತನ್ನ ಶೆಲ್ಲಿನ ಹೆಸರನ್ನು ಮತ್ತೆ ಸೇರಿಸಿದಳು.

"ಈಗ ಬನ್ನಿ ಆಚೆಗೆ" ಎಂದಳು.

ರಾಜೇಶ್ ಮತ್ತೆ ಕುಳಿತ. ಕಾಫಿ ಬಂದು ತಣ್ಣಗಾಯಿತು. ಅವನು ಅದೇ ಚಿಹ್ನೆಯನ್ನು ಒತ್ತಿದ, ಬೇರೆ ಚಿಹ್ನೆಗಳನ್ನು ಒತ್ತಿದ, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಪುಟ ಮೇಲೆ ಕೆಳಗೆ ಸರಿಯಿತೇ ಹೊರತು ಬಾಗಿಲು ತೆರೆಯಲಿಲ್ಲ. ಆ ಶೆಲ್ಲಿನ ಕಡತವನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂದು ಪರೀಕ್ಷಿಸಿದ. ಸರ್ವರುಗಳ ಆಡಳಿತದ ಖಾತೆಗೆ ಬಿಟ್ಟರೆ ಬೇರೆ ಯಾರಿಗೂ ಇರಲಿಲ್ಲ. ಕೊನೆಗೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಅರುಣ್‌ಕುಮಾರ್ ಅವರ ಕಡೆ ತಿರುಗಿದ.

"ಪಟ್ಟಿಯಲ್ಲಿ ಇದು ಇರಲಿ ಸರ್. ಇದು ಏನು, ಯಾಕೆ ಇದೆ ಅಂತ ಪಕ್ಕದಲ್ಲೇ ಒಂದು ವಿವರಣೆ ಬರೆದಿಡಿ. ವರ್ಷಕ್ಕೊಮ್ಮೆ ಹೊರಗಿನೋರು ಯಾರಾದ್ರೂ ಬಂದು ಹೀಗೇ ಒಡೆಯೋಕೆ ನೋಡ್ಬೇಕು. ಒಳಗಿನೋರಿಗೆ ಇದು ಕಾಣೋದಿಲ್ಲ. ನಾನು ಒಪ್ಪಿದೆ ಅಂತ ಬರೀತೀನಿ."

"ಅಂದ್ರೆ, ಇವರು?" ಎಂದು ಅರುಣ್‌ಕುಮಾರ್ ಮುನಿಯಲ್ಲಪ್ಪನನ್ನು ತೋರಿಸಿದರು.

"ಇವರು ಮಿಷನ್ನಿನ ಹತ್ರ ಇರೋಕೆ ನನ್ನ ತಕರಾರೇನಿದೆ ಸರ್? ಬ್ಯಾಷ್ ಕೊಟ್ಟಿದ್ದರೆ ತಕರಾರು ಮಾಡ್ತಿದ್ದೆ."

ಮುನಿಯಲ್ಲಪ್ಪ ಮಡಚಿದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ವೆಂಕಟಲಕ್ಷ್ಮಿಯತ್ತ ನೋಡಿದ. ಅವಳು ತಲೆಯಾಡಿಸಿದಳು. ಅವನು ಬಟ್ಟೆಯನ್ನು ಬಿಚ್ಚಿ ಟರ್ಮಿನಲ್ಲಿನ ಪರದೆಯನ್ನು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಡಿಸೈನ್ ಕೋಣೆಯವರು ಕಡತ ಕಳುಹಿಸಿದರು. ಈ ಸಲ ಬಂದು ಸೇರಿತು. ಅವನು ಅಂಕಿ ಒತ್ತಿದ. ಮಿಷನ್ನಿನ ಉಳಿ ಉಕ್ಕಿನ ಮೇಲೆ ಇಳಿಯಿತು. ಅವನು ತಲೆ ವಾರೆ ಮಾಡಿ ಸದ್ದನ್ನು ಆಲಿಸಿದ.

ನರೇಶನಿಗೆ ಮೆಮೊ ಬರುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಅರುಣ್‌ಕುಮಾರ್ ಕೇಳಿದಾಗ ವೆಂಕಟಲಕ್ಷ್ಮಿ ಬೇಡವೆಂದಳು. "ಅವನು ಮೆನುವನ್ನ ಸರ್ವರ್ ಕಡೆಯಿಂದ ನೋಡಿದಾನೆ ಸರ್. ಮಿಷನ್ನಿನೋರ ಕಡೆಯಿಂದ ನೋಡಿಲ್ಲ. ನಾನೂ ಒಡೆಯೋಕೆ ಬರೋರ ಕಡೆಯಿಂದ ನೋಡಿರಲಿಲ್ಲ" ಎಂದಳು. ಅಂದಿನಿಂದ ಒಂದು ನಿಯಮ ಮಾಡಿದಳು. ಶೆಲ್ಲಿನ ಪಟ್ಟಿಗೆ ಕೈ ಹಾಕುವವರು ಯಾರೇ ಆಗಲಿ, ಮೊದಲು ಒಂದು ಪೂರ್ತಿ ಶಿಫ್ಟು ಮಿಷನ್ನಿನವರ ಪಕ್ಕದಲ್ಲಿ ಕುಳಿತು ಅವರ ಖಾತೆಯಲ್ಲಿ ಕೆಲಸ ಮಾಡಬೇಕು. ನರೇಶ್ ಮಾರನೆಯ ದಿನವೇ ಸ್ಟೂಲು ಎಳೆದುಕೊಂಡು ಮೂರನೆಯ ಸಾಲಿನಲ್ಲಿ ಕುಳಿತ. ಮುನಿಯಲ್ಲಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟರಂತೆ ಅವನ ಹಿಂದೆ ನಿಂತ.

"ಏನ್ ಕೇಳ್ತಾ ಅದೆ ಓದು."

"ಯಾವ ಗೇರ್ ಕಡೀಬೇಕು?"

"ಒತ್ಲಾ ಮತ್ತೆ. ಸುಮ್ಕೆ ಕುಂತ್ರೆ ಗೇರು ತಾನಾಗೇ ಕಡ್ಕೊಂತದಾ?"